ಕಾದಂಬರಿಯಲ್ಲಿ ಇಳಿವಯಸ್ಸಿನ ನಾಯಕಿಯರು

ಕಾದಂಬರಿಗಳಲ್ಲಿ ಅಜ್ಜಿಯರಿಗೆ ಬಹುಕಾಲ ಸಿಕ್ಕಿದ್ದು ಕಥೆ ಹೇಳುವ, ಹರಸುವ, ಸಾಯುವ ಪಾತ್ರ. ಎಂಬತ್ತರ ಆಸುಪಾಸಿನವಳನ್ನೇ ಕಥೆಯ ನಡುವೆ ಕೂರಿಸಿದ ಕೃತಿಗಳಲ್ಲಿ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕನ್ನಡದ ಮಟ್ಟಿಗೆ ಅಗ್ರಗಣ್ಯ. ಬಾಲವಿಧವೆಯಾಗಿ ಬಾಳು ಸವೆಸಿದ ಮೂಕಜ್ಜಿಗೆ ವಿಶೇಷ ಶಕ್ತಿಯೊಂದಿದೆ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ಮೂಳೆಯ ತುಂಡನ್ನು ಅಂಗೈಯಲ್ಲಿ ಹಿಡಿದರೆ ಸಾಕು, ಎಂದೋ ಆಗಿಹೋದವರ ಬದುಕು ಅವಳ ಕಣ್ಣಿಗೆ ಕಟ್ಟುತ್ತದೆ. ಆದರೆ ಕಾದಂಬರಿಯ ನಿಜವಾದ ಬಲ ಈ ಪವಾಡದಲ್ಲಿಲ್ಲ, ಅವಳ ನಿರ್ಭೀತ ಮಾತಿನಲ್ಲಿದೆ. ದೇವರು, ಸನ್ಯಾಸ, ಗಂಡುಹೆಣ್ಣಿನ ಸಂಬಂಧ ಯಾವುದರ ಬಗ್ಗೆಯೂ ಅವಳಿಗೆ ಮುಚ್ಚುಮರೆಯಿಲ್ಲ. ದಾಂಪತ್ಯವನ್ನೇ ಕಾಣದವಳು ದಾಂಪತ್ಯವನ್ನು ಅಷ್ಟು ಕರುಣೆಯಿಂದ ಅರಿತಿರುವುದು ಓದುಗರನ್ನು ಇಂದಿಗೂ ಅಲುಗಿಸುತ್ತದೆ. ಕಾರಂತರಿಗೆ 1977ರ ಜ್ಞಾನಪೀಠ ತಂದ ಕೃತಿಯಿದು. ಪಿ. ಶೇಷಾದ್ರಿ ಇದನ್ನು ಚಲನಚಿತ್ರವಾಗಿಸಿದಾಗ ಮೂಕಜ್ಜಿಯಾದವರು ಬಿ. ಜಯಶ್ರೀ.

ಕೆನಡಾದ ಮಾರ್ಗರೆಟ್ ಲಾರೆನ್ಸ್ ಅವರ ‘ದಿ ಸ್ಟೋನ್ ಏಂಜೆಲ್’ (1964) ನಾಯಕಿ ಹೇಗರ್‌ಗೆ ತೊಂಬತ್ತು. ವೃದ್ಧಾಶ್ರಮಕ್ಕೆ ಸೇರಿಸುತ್ತಾರೆಂಬ ಭಯಕ್ಕೆ ಮನೆ ಬಿಟ್ಟೇ ಓಡುತ್ತಾಳೆ. ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ ‘ರೇತ್ ಸಮಾಧಿ’ಯ (2018) ಎಂಬತ್ತರ ತಾಯಿ ಗಂಡ ತೀರಿಕೊಂಡ ಮೇಲೆ ಮನೆಮಂದಿಗೆಲ್ಲ ಬೆನ್ನುಹಾಕಿ, ಗೋಡೆಯತ್ತ ಮುಖಮಾಡಿ ಮಲಗಿಬಿಡುತ್ತಾಳೆ. ಹಾಗೆ ಮಲಗಿದವಳು ಮುಂದೆ ಎದ್ದು ಮಗಳೊಂದಿಗೆ ಪಾಕಿಸ್ತಾನದ ಗಡಿಯನ್ನೇ ದಾಟುತ್ತಾಳೆ. ಡೇಸಿ ರಾಕ್‌ವೆಲ್ ಅವರ ಇಂಗ್ಲಿಷ್ ಅನುವಾದ 2022ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು.