ಐರಿಷ್ ವಲಸಿಗರ ಮಜ್ಜಿಗೆಯ ರೊಟ್ಟಿ



ಸಂತ ಪ್ಯಾಟ್ರಿಕ್ ಹಬ್ಬಕ್ಕೆ ಷಿಕಾಗೋ ನದಿಯ ನೀರು ಹಸಿರಾಗುವುದನ್ನು ನಾವೆಲ್ಲ ಬಲ್ಲೆವು; ಆ ಪದ್ಧತಿ 1962ರಲ್ಲಿ ಆರಂಭವಾಯಿತು. ಅದೇ ದಿನಗಳಲ್ಲಿ ಅಂಗಡಿಗಳಲ್ಲಿ ಕಾಣುವ ಐರಿಷ್ ಸೋಡಾ ಬ್ರೆಡ್ಡಿನ ಚರಿತ್ರೆಯಾದರೋ ನಮ್ಮಂತಹ ವಲಸೆಯ ಕುಟುಂಬಗಳು ವಿಚಾರ ಮಾಡತಕ್ಕದ್ದಾಗಿದೆ.

ಐರ್ಲೆಂಡಿನ ಗೋಧಿ ಮೃದುವಾದದ್ದು, ಅಂಟು ಕಡಿಮೆ; ಯೀಸ್ಟ್ ಬೆರೆಸಿ ಉಬ್ಬಿಸುವ ಬ್ರೆಡ್ಡಿಗೆ ಅಷ್ಟಾಗಿ ಒಗ್ಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಡುಗೆ ಸೋಡಾ ಸುಲಭವಾಗಿ ದೊರೆಯತೊಡಗಿದಾಗ ಅಲ್ಲಿಯ ಗೃಹಿಣಿಯರಿಗೆ ಹೊಸ ದಾರಿ ತೆರೆಯಿತು. ಬೆಣ್ಣೆ ತೆಗೆದು ಉಳಿದ ಮಜ್ಜಿಗೆಯ ಹುಳಿಯು ಸೋಡಾದೊಡನೆ ಸೇರಿದಾಗ ಹೊರಡುವ ಅನಿಲವೇ ಹಿಟ್ಟನ್ನು ಉಬ್ಬಿಸುತ್ತದೆ. ಮೊಸರು ಮತ್ತು ಸೋಡಾ ಹಾಕುವ ನಮ್ಮ ಮಂಗಳೂರು ಬನ್ಸಿನ ಗುಟ್ಟೂ ಇದೇ. ಬಡವರ ಮನೆಗಳಲ್ಲಿ ಇದನ್ನು ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು.

ಇಲಿನಾಯ್–ಮಿಷಿಗನ್ ಕಾಲುವೆಯನ್ನು 1836ರಿಂದ 1848ರವರೆಗೆ ತೋಡಿದವರಲ್ಲಿ ಐರಿಷ್ ಕೂಲಿಗಳು ಬಹುಸಂಖ್ಯೆಯಲ್ಲಿದ್ದರು. ಷಿಕಾಗೋದ ಬ್ರಿಡ್ಜ್‌ಪೋರ್ಟ್ ಅವರ ನೆಲೆಯಾಯಿತು. ಡೆಟ್ರಾಯಿಟಿನಲ್ಲಿ ನೆಲಸಿದವರು ತಮ್ಮ ಕಾರ್ಕ್ ಸೀಮೆಯ ಹೆಸರನ್ನೇ ಕಾರ್ಕ್‌ಟೌನಿಗೆ ತಂದರು. 1845ರಲ್ಲಿ ತೊಡಗಿದ ಆಲೂಗಡ್ಡೆಯ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದರು. ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಆಗ ಅಲ್ಲಿಯ ಬಡವರ ಮುಖ್ಯ ಆಹಾರ ಆಲೂಗಡ್ಡೆ. ಸೋಡಾ ಬ್ರೆಡ್ ಇನ್ನೂ ಹೊಸತು. ಹಿಟ್ಟು, ಸೋಡಾ, ಉಪ್ಪು, ಮಜ್ಜಿಗೆಗಳಷ್ಟೇ ಇದ್ದ ಆ ದಿನಬಳಕೆಯ ರೊಟ್ಟಿಗೆ ಅಮೆರಿಕದ ಅಡುಗೆಮನೆಗಳಲ್ಲಿ ಸಕ್ಕರೆ, ಮೊಟ್ಟೆ, ಬೆಣ್ಣೆ, ಒಣದ್ರಾಕ್ಷಿಗಳು ಹೇರಳವಾಗಿ ಸೇರಿ ಅದು ಹಬ್ಬದ ಸಿಹಿಯಾಯಿತು. ಹಳೆಯ ಕ್ರಮಕ್ಕೆ ನಿಷ್ಠರಾದವರು ಇದನ್ನು ಸೋಡಾ ಬ್ರೆಡ್ಡೆಂದು ಇಂದಿಗೂ ಒಪ್ಪರು.

ಮನೆಯಲ್ಲಿ ಮಾಡಲಿಚ್ಛಿಸುವವರು ನಾಲ್ಕು ಕಪ್ ಮೈದಾ, ಒಂದೊಂದು ಟೀ ಚಮಚ ಸೋಡಾ ಮತ್ತು ಉಪ್ಪು, ಸುಮಾರು ಒಂದೂಮುಕ್ಕಾಲು ಕಪ್ ಗಟ್ಟಿ ಹುಳಿಮಜ್ಜಿಗೆ ತೆಗೆದುಕೊಳ್ಳಬೇಕು. ನೀರುಮಜ್ಜಿಗೆ ಸಲ್ಲದು, ಹುಳಿ ಸಾಲದಿದ್ದರೆ ಸೋಡಾದ ರುಚಿ ಉಳಿಯುತ್ತದೆ. ಚಪಾತಿ ಹಿಟ್ಟಿನಂತೆ ನಾದದೆ, ಬೇಗನೆ ಕೂಡಿಸಿ ಉಂಡೆ ಮಾಡಿ, ಮೇಲೆ ಅಡ್ಡಲಾಗಿ ಮತ್ತು ಉದ್ದವಾಗಿ ಆಳವಾಗಿ ಗೀರಿ, 425 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಸುಮಾರು 40 ನಿಮಿಷ ಬೇಯಿಸಬೇಕು. ತಳವನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆಯೆಂದು ತಿಳಿಯಬಹುದು.

ಎರಡು ಶತಮಾನಗಳೂ ತುಂಬದ ಈ ತಿನಿಸು ಒಂದು ಜನಾಂಗದ ಗುರುತಾಯಿತು. ನಮ್ಮ ಸಾರಿನ ಒಣಮೆಣಸಿನಕಾಯಿಯೂ ಪೋರ್ಚುಗೀಸರು ಬಂದ ಮೇಲೆ ನಮ್ಮ ನಾಡಿಗೆ ಬಂದುದೇ. ಆದುದರಿಂದ ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಬಿಸಿಬೇಳೆಬಾತಿಗೆ ಬ್ರಾಕಲಿ ಹಾಕಿದರೆ ನಾವು ಗದರಿಸಬೇಕಾಗಿಲ್ಲ. ಅಮ್ಮಂದಿರು, ಅಜ್ಜಿಯರು ಕೈಯಳತೆಯಲ್ಲೇ ಮಾಡುತ್ತ ಬಂದ ಮೂಲಕ್ರಮವನ್ನು ಅವರಿರುವಾಗಲೇ ಅಳೆದು ಬರೆದಿಡೋಣ. ಏನು ಬದಲಾಯಿತೆಂದು ಮುಂದಿನವರು ಅರಿಯಬೇಕಾದರೆ ಮೊದಲು ಏನಿತ್ತೆಂಬುದು ಅವರಿಗೆ ತಿಳಿದಿರಬೇಕು.