ಕೆಡಂಪ್ ಮತ್ತು ಕ್ರ್ಯಾಶ್

ಲಿನಕ್ಸ್ ಕರ್ನಲ್ ಕುಸಿದ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದುದನ್ನು ಡಂಪ್ ಎಂಬ ಫೈಲಾಗಿ ಉಳಿಸಿಕೊಡುವ ವ್ಯವಸ್ಥೆ ಕೆಡಂಪ್. ಆ ಫೈಲನ್ನು ಕಮಾಂಡ್ ಲೈನಿನಲ್ಲಿ ಓದುವ ಸಾಧನ ಕ್ರ್ಯಾಶ್. ಸಾಮಾನ್ಯ ಪ್ರೋಗ್ರಾಂ ಕುಸಿದರೆ ಅದರ ಕೋರ್ ಫೈಲನ್ನು ಕರ್ನಲ್ ಬರೆದಿಡುತ್ತದೆ, ಜಿಡಿಬಿ ಎಂಬ ಡಿಬಗರ್‌ನಲ್ಲಿ ಅದನ್ನು ತೆರೆದು ನೋಡಬಹುದು. ಕರ್ನಲ್ಲೇ ಕುಸಿದರೆ ಬರೆಯುವವರಾರು? ಈ ಪ್ರಶ್ನೆಗೆ ಇಂದು ಬಳಕೆಯಲ್ಲಿರುವ ಉತ್ತರದ ದೊಡ್ಡ ಪಾಲು ಸಿದ್ಧವಾದದ್ದು ಬೆಂಗಳೂರಿನಲ್ಲಿ.

ಎಲ್‌ಕೆಸಿಡಿ, ಡಿಸ್ಕ್‌ಡಂಪ್ ಮುಂತಾದ ಹಿಂದಿನ ವಿಧಾನಗಳು ಕುಸಿದ ಕರ್ನಲ್ ಕೈಯಲ್ಲೇ ಡಂಪ್ ಬರೆಸುತ್ತಿದ್ದವು. ಕೆಟ್ಟುಹೋದ ಕೋಡಿನ ಮೇಲೆ ಭರವಸೆ ಇಡುವುದೇ ಅವುಗಳ ದೌರ್ಬಲ್ಯ. ಎರಿಕ್ ಬೀಡರ್‌ಮನ್ ರೂಪಿಸಿದ ಕೆಕ್ಸೆಕ್, ಬಯೋಸ್‌ನ ಗೊಡವೆಯಿಲ್ಲದೆ ಒಂದು ಕರ್ನಲ್‌ನಿಂದ ನೇರವಾಗಿ ಇನ್ನೊಂದಕ್ಕೆ ಜಿಗಿಯುವ ದಾರಿ ತೆರೆದಿತ್ತು. 2004ರಲ್ಲಿ ಐಬಿಎಂನ ಬೆಂಗಳೂರು ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ಹರಿಪ್ರಸಾದ್ ನೆಲ್ಲಿತೀರ್ಥ ಅದನ್ನೇ ಡಂಪ್ ತೆಗೆಯಲು ಒಗ್ಗಿಸಿದರು. ವಿವೇಕ್ ಗೋಯಲ್, ಮನೀಶ್ ಸೋನಿ ಕೆಲಸ ಮುಂದುವರಿಸಿದರು. 2005ರ ಒಟ್ಟಾವ ಲಿನಕ್ಸ್ ಸಮಾವೇಶದಲ್ಲಿ ಗೋಯಲ್, ಬೀಡರ್‌ಮನ್, ನೆಲ್ಲಿತೀರ್ಥ ಮೂವರ ಪ್ರಬಂಧ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಂದ 2.6.13ನೇ ಆವೃತ್ತಿಯೊಳಗೆ ಕೆಡಂಪ್ ಸೇರಿಕೊಂಡಿತು. ಕರ್ನಲ್ ಮೂಲದ ಎಕ್ಸ್86 ವಿಭಾಗದ ಕ್ರ್ಯಾಶ್ ಫೈಲಿನ ತಲೆಯಲ್ಲಿ ನೆಲ್ಲಿತೀರ್ಥರ ಹೆಸರು ಇಂದಿಗೂ ಇದೆ.

ಯಂತ್ರ ಶುರುವಾಗುವಾಗಲೇ ಮೆಮೊರಿಯ ಒಂದು ತುಂಡನ್ನು ಕಾದಿರಿಸಿ, ಎರಡನೇ ಕರ್ನಲನ್ನು ಅಲ್ಲಿ ತಂದಿಡಲಾಗುತ್ತದೆ. ಮೊದಲನೆಯದು ಪ್ಯಾನಿಕ್ ಆದೊಡನೆ (ಅಂದರೆ ಕುಸಿದೊಡನೆ) ಎರಡನೆಯದು ಆ ತುಂಡಿನೊಳಗೇ ಎದ್ದು, ಹಳೆಯ ಮೆಮೊರಿಯನ್ನು ವಿಎಂಕೋರ್ ಎಂಬ ಫೈಲಾಗಿ ತೋರಿಸುತ್ತದೆ. ಜಾಗ ಬೇರೆ ಮಾಡಿದ್ದಕ್ಕೆ ಗಟ್ಟಿ ಕಾರಣವಿದೆ. ಕುಸಿತದ ಹೊತ್ತಿಗೆ ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳನ್ನು ಯಾರೂ ನಿಲ್ಲಿಸಿರುವುದಿಲ್ಲ. ಅವು ತಮ್ಮ ಪಾಡಿಗೆ ಮೆಮೊರಿಗೆ ಬರೆಯುತ್ತಲೇ ಇರುತ್ತವೆ. ಆ ಬರಹ ಹಳೆಯ ಜಾಗಕ್ಕೆ ಬಿದ್ದರೆ ಹೊಸ ಕರ್ನಲ್ ಕೆಡುವುದಿಲ್ಲ. ಆದರೆ ಅರೆಬರೆ ಸ್ಥಿತಿಯಲ್ಲಿರುವ ಅದೇ ಸಾಧನಗಳನ್ನು ಹೊಸ ಡ್ರೈವರ್‌ಗಳು ಮತ್ತೆ ಹದಕ್ಕೆ ತರಬೇಕು, ನಿಜವಾದ ತಲೆನೋವು ಅಲ್ಲಿದೆ.

ರೆಡ್‌ಹ್ಯಾಟ್‌ನಲ್ಲಿದ್ದ ಡೇವ್ ಆ್ಯಂಡರ್ಸನ್ ಬರೆದ ಕ್ರ್ಯಾಶ್ ಸಾಧನ ಹಳೆಯ ಯುನಿಕ್ಸ್‌ನ ಅದೇ ಹೆಸರಿನ ಆಜ್ಞೆಯ ಜಾಡಿನದು; ಒಳಗೆ ಜಿಡಿಬಿಯನ್ನೇ ಅಳವಡಿಸಿಕೊಂಡಿದೆ. ಡಂಪ್ ಜೊತೆಗೆ ಕುಸಿದ ಕರ್ನಲ್‌ನದೇ ಡಿಬಗ್ ಮಾಹಿತಿಯುಳ್ಳ ವಿಎಂಲಿನಕ್ಸ್ ಫೈಲೂ ಬೇಕು. ಆವೃತ್ತಿ ಒಂದಿಷ್ಟು ಆಚೀಚೆಯಾದರೂ ಕೆಲಸ ಕೆಟ್ಟಿತು. ‘ಲಾಗ್’ ಎಂದರೆ ಕರ್ನಲ್‌ನ ಕೊನೆಯ ಮಾತುಗಳು, ‘ಪಿಎಸ್’ ಎಂದರೆ ಆಗ ಇದ್ದ ಪ್ರಕ್ರಿಯೆಗಳ ಪಟ್ಟಿ, ‘ಬಿಟಿ’ ಎಂದರೆ ಕುಸಿತದವರೆಗಿನ ಕರೆಗಳ ಸರಪಳಿ ಕಾಣುತ್ತದೆ. ವಿಳಾಸ 10 (ಹದಿನಾರರ ಎಣಿಕೆಯಲ್ಲಿ) ಓದಲು ಹೋಗಿ ಕುಸಿದಿದೆ ಎಂದಿಟ್ಟುಕೊಳ್ಳಿ. ಅಷ್ಟು ಸಣ್ಣ ವಿಳಾಸ ಎಂದರೆ ಯಾವುದೋ ಪಾಯಿಂಟರ್ ಸೊನ್ನೆಯಾಗಿದೆ, ಕೋಡು ಅದು ತೋರಿಸಬೇಕಿದ್ದ ದತ್ತಾಂಶ ರಚನೆಯ 16ನೇ ಬೈಟಿನ ಸದಸ್ಯನನ್ನು ಕೇಳಿದೆ ಎಂದು ಊಹಿಸಬಹುದು. ‘ಸ್ಟ್ರಕ್ಟ್’ ಆಜ್ಞೆಯಲ್ಲಿ ಸ್ಥಾನಗಳನ್ನು ಕೇಳಿದರೆ 16ರಲ್ಲಿರುವ ಸದಸ್ಯನ ಹೆಸರೇ ಸಿಗುತ್ತದೆ. ‘ಆರ್‌ಡಿ’ ಮೂಲಕ ಮೆಮೊರಿ ನೋಡುವಾಗ 6ಬಿ6ಬಿ6ಬಿ ಎಂದು ಸಾಲುಗಟ್ಟಿದ್ದರೆ ಬಿಟ್ಟುಕೊಟ್ಟ ಜಾಗವನ್ನು ಯಾರೋ ಮತ್ತೆ ಬಳಸಿದ್ದಾರೆ ಎನ್ನಬಹುದು. ಈ ಗುರುತು ಬೀಳಲು ಕರ್ನಲ್‌ನ ಮೆಮೊರಿ ಹಂಚಿಕೆಯ ತಪ್ಪು ಹಿಡಿಯುವ ಸ್ಲ್ಯಾಬ್ ಡಿಬಗ್ ಮೊದಲೇ ಚಾಲನೆಯಲ್ಲಿರಬೇಕು. ಆಜ್ಞೆಗಳನ್ನು ಒಂದು ದಿನದಲ್ಲಿ ಕಲಿಯಬಹುದು, ಕರ್ನಲ್ ಮೂಲ ಓದುವ ಅಭ್ಯಾಸ ಇಲ್ಲದವರಿಗೆ ಅವುಗಳಿಂದ ಹೆಚ್ಚೇನೂ ದಕ್ಕದು.

ಸರ್ವರ್‌ಗಳಲ್ಲಿ ಮೆಮೊರಿ ನೂರಾರು ಗಿಗಾಬೈಟ್ ಇರುವುದರಿಂದ ಇಡೀ ಡಂಪ್ ಉಳಿಸುವುದು ಅಪರೂಪ. ಮೇಕ್‌ಡಂಪ್‌ಫೈಲ್ ಸಾಧನಕ್ಕೆ 31 ಎಂಬ ಮಟ್ಟ ಕೊಟ್ಟರೆ ಖಾಲಿ ಪುಟ, ಕ್ಯಾಶ್, ಬಳಕೆದಾರ ಪ್ರಕ್ರಿಯೆಗಳ ದತ್ತಾಂಶ ಎಲ್ಲವನ್ನೂ ಬಿಟ್ಟು ಉಳಿದದ್ದನ್ನು ಮಾತ್ರ ಬರೆದಿಡುತ್ತದೆ. ಹಾಗೆ ಸೋಸಿದ ಮೇಲೂ ಗೂಢಲಿಪಿಯ ಕೀಲಿಗಳು ಕರ್ನಲ್ ಮೆಮೊರಿಯಲ್ಲಿ ಉಳಿದಿರಬಹುದು, ಹೊರಗಿನವರಿಗೆ ಡಂಪ್ ಕಳಿಸುವವರು ಇದನ್ನು ಗಮನಿಸಬೇಕು. ಕಾದಿರಿಸಿದ ಜಾಗ ಸಾಲದಿದ್ದರೆ ಎರಡನೇ ಕರ್ನಲ್ಲೂ ಮೆಮೊರಿ ಮುಗಿದು ಸಾಯುತ್ತದೆ, ಡಂಪ್ ಕೈತಪ್ಪುತ್ತದೆ. ಆದ್ದರಿಂದ ಹೊಸ ಸರ್ವರನ್ನು ಬಳಕೆಗೆ ಬಿಡುವ ಮುನ್ನ ಸಿಸ್‌ಆರ್‌ಕ್ಯೂ ಎಂಬ ಕರ್ನಲ್ ಸೌಲಭ್ಯದ ಮೂಲಕ ಬೇಕೆಂದೇ ಒಮ್ಮೆ ಪ್ಯಾನಿಕ್ ಮಾಡಿಸಿ ನೋಡುವುದು ರೂಢಿ.