ಮಕ್ಕಳಲ್ಲಿ ಪೋರ್ಟಲ್ ರಕ್ತನಾಳ ಮುಚ್ಚಿಕೊಂಡರೆ ಶಸ್ತ್ರಚಿಕಿತ್ಸೆ ಯಾವುದು, ಯಾವಾಗ?

ಚೆನ್ನಾಗಿ ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ರಕ್ತವಾಂತಿ ಮಾಡಿಕೊಳ್ಳುತ್ತದೆ. ಕಾಮಾಲೆ ಇಲ್ಲ, ಲಿವರ್ ಪರೀಕ್ಷೆಯ ವರದಿಗಳೂ ಬಹುತೇಕ ಸರಿಯಾಗಿವೆ. ಆದರೆ ಗುಲ್ಮ (ಸ್ಪ್ಲೀನ್) ಊದಿಕೊಂಡಿದೆ. ಇಂತಹ ಮಕ್ಕಳಲ್ಲಿ ಪೋರ್ಟಲ್ ರಕ್ತನಾಳ ಮುಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಭಾರತದಲ್ಲಿ ಮಕ್ಕಳ ರಕ್ತವಾಂತಿಗೆ ಇದು ಒಂದು ಪ್ರಮುಖ ಕಾರಣ.

ಏನಿದು ಸಮಸ್ಯೆ?

ಕರುಳು ಮತ್ತು ಗುಲ್ಮದಿಂದ ಬರುವ ರಕ್ತವನ್ನು ಲಿವರ್‌ಗೆ ತಲುಪಿಸುವುದು ಪೋರ್ಟಲ್ ರಕ್ತನಾಳ. ಲಿವರ್‌ಗೆ ಸಿಗುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಇದರ ಮೂಲಕವೇ. ಈ ದಾರಿ ಮುಚ್ಚಿದರೆ ರಕ್ತ ಅಕ್ಕಪಕ್ಕದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅನ್ನನಾಳದ ಒಳಗಿನ ನಾಳಗಳು ಉಬ್ಬಿ ಒಡೆದಾಗ ರಕ್ತಸ್ರಾವವಾಗುತ್ತದೆ.

ನವಜಾತ ಶಿಶುವಿನ ಹೊಕ್ಕುಳಿನ ಸೋಂಕು, ಹೊಕ್ಕುಳ ರಕ್ತನಾಳಕ್ಕೆ ಹಾಕಿದ ಕೊಳವೆ, ರಕ್ತ ಹೆಪ್ಪುಗಟ್ಟುವ ದೋಷ ಇದಕ್ಕೆ ಕಾರಣವಾಗಬಹುದು. ಅನೇಕ ಮಕ್ಕಳಲ್ಲಿ ಕಾರಣ ಪತ್ತೆಯಾಗುವುದೇ ಇಲ್ಲ. ಡಾಪ್ಲರ್ ಸ್ಕ್ಯಾನ್‌ನಲ್ಲಿ ತಡೆ ಗೊತ್ತಾಗುತ್ತದೆ.

ಮೊದಲ ಚಿಕಿತ್ಸೆ

ರಕ್ತಸ್ರಾವವಾದಾಗ ಎಂಡೋಸ್ಕೋಪಿ ಮೂಲಕ ಉಬ್ಬಿದ ನಾಳಗಳಿಗೆ ಬ್ಯಾಂಡ್ ಹಾಕುತ್ತಾರೆ ಅಥವಾ ಇಂಜೆಕ್ಷನ್ ಕೊಡುತ್ತಾರೆ. ಇದರಿಂದ ರಕ್ತ ನಿಲ್ಲುತ್ತದೆ, ಆದರೆ ಮೂಲ ತಡೆ ಹಾಗೆಯೇ ಉಳಿಯುತ್ತದೆ.

ಎರಡು ಬಗೆಯ ಶಸ್ತ್ರಚಿಕಿತ್ಸೆ

ಒಂದು, ಸ್ಪ್ಲೀನೋರೀನಲ್ ಶಂಟ್. ಗುಲ್ಮದ ರಕ್ತನಾಳವನ್ನು ಎಡ ಮೂತ್ರಪಿಂಡದ ರಕ್ತನಾಳಕ್ಕೆ ಜೋಡಿಸಿ ಒತ್ತಡ ಇಳಿಸುತ್ತಾರೆ. ಭಾರತದಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿದೆ. ಒಂದು ವಿಧಾನದಲ್ಲಿ ಗುಲ್ಮವನ್ನು ತೆಗೆಯುತ್ತಾರೆ, ಇನ್ನೊಂದರಲ್ಲಿ ಉಳಿಸುತ್ತಾರೆ. ಗುಲ್ಮ ತೆಗೆಯುವುದಾದರೆ ಮುಂಚಿತವಾಗಿ ಲಸಿಕೆಗಳನ್ನು ಹಾಕಿಸಬೇಕು. ಆದರೆ ಈ ಶಂಟ್ ರಕ್ತವನ್ನು ಬೇರೆಡೆಗೆ ತಿರುಗಿಸುತ್ತದೆಯೇ ಹೊರತು ಲಿವರ್‌ಗೆ ಮರಳಿಸುವುದಿಲ್ಲ.

ಎರಡು, ಮೀಸೋ-ರೆಕ್ಸ್ ಬೈಪಾಸ್. 1990ರ ದಶಕದಲ್ಲಿ ಶಸ್ತ್ರಚಿಕಿತ್ಸಕ ಜ್ಯಾಂ ಡಿ ವಿಲ್ ಡಿ ಗೋಯೆ ಇದನ್ನು ಪರಿಚಯಿಸಿದರು. ಸಾಮಾನ್ಯವಾಗಿ ಮಗುವಿನ ಕುತ್ತಿಗೆಯಿಂದಲೇ ತೆಗೆದ ರಕ್ತನಾಳದ ತುಂಡನ್ನು ಬಳಸಿ, ಕರುಳಿನ ಮುಖ್ಯ ರಕ್ತನಾಳವನ್ನು ಲಿವರ್ ಒಳಗಿನ ಎಡ ಪೋರ್ಟಲ್ ನಾಳಕ್ಕೆ ಸೇರಿಸುತ್ತಾರೆ. ತಡೆಯನ್ನು ದಾಟಿ ರಕ್ತ ಸಹಜವಾಗಿ ಲಿವರ್ ಸೇರುತ್ತದೆ. ಕಾಯಿಲೆಯಿಂದ ತೊಂದರೆಗೊಳಗಾದ ಎಲ್ಲ ಮಕ್ಕಳಲ್ಲೂ ಈ ಬೈಪಾಸ್ ಸಾಧ್ಯವೇ ಎಂದು ಪರಿಶೀಲಿಸಬೇಕು ಎಂಬುದು 2015ರಲ್ಲಿ ಪ್ರಕಟವಾದ ಬವೇನೋ ತಜ್ಞರ ಒಮ್ಮತದ ಸಲಹೆ.

ಎಲ್ಲರಿಗೂ ಸಾಧ್ಯವೇ?

ಇಲ್ಲ. ಲಿವರ್ ಆರೋಗ್ಯವಾಗಿರಬೇಕು, ಎಡ ಪೋರ್ಟಲ್ ನಾಳ ತೆರೆದಿರಬೇಕು, ಹೆಪ್ಪುಗಟ್ಟುವ ದೋಷ ಇದೆಯೇ ಎಂದೂ ನೋಡಬೇಕು. ಜೋಡಿಸಿದ ನಾಳ ಕಿರಿದಾಗುವ ಅಥವಾ ಮುಚ್ಚಿಕೊಳ್ಳುವ ಅಪಾಯ ಇರುವುದರಿಂದ ನಂತರವೂ ನಿಯಮಿತವಾಗಿ ಸ್ಕ್ಯಾನ್ ಮಾಡಿಸಬೇಕು.

ಪೋಷಕರು ಗಮನಿಸಬೇಕಾದದ್ದು

* ರಕ್ತವಾಂತಿ ಅಥವಾ ಡಾಂಬರಿನಂತೆ ಕಪ್ಪಾದ ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.
* ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ.
* ಗುಲ್ಮ ದೊಡ್ಡದಿದ್ದರೆ ಹೊಟ್ಟೆಗೆ ಪೆಟ್ಟು ಬೀಳುವ ಆಟಗಳು ಬೇಡ.
* ಬೆಳವಣಿಗೆ ಕುಂಠಿತವಾಗಿದೆಯೇ, ಓದಿನಲ್ಲಿ ಗಮನ ಕಡಿಮೆಯಾಗಿದೆಯೇ ನೋಡಿ. ರಕ್ತ ಲಿವರ್ ತಲುಪದಿರುವುದೂ ಇದಕ್ಕೆ ಕಾರಣವಾಗಬಹುದು.

ರಕ್ತಸ್ರಾವ ನಿಂತಿತೆಂದು ಸುಮ್ಮನಾಗುವ ಬದಲು, ಅಥವಾ ಶಂಟ್‌ಗೆ ಒಪ್ಪಿಗೆ ಕೊಡುವ ಮೊದಲು, "ನಮ್ಮ ಮಗುವಿಗೆ ಮೀಸೋ-ರೆಕ್ಸ್ ಬೈಪಾಸ್ ಸಾಧ್ಯವೇ?" ಎಂದು ಮಕ್ಕಳ ಲಿವರ್ ತಜ್ಞರನ್ನು ಒಮ್ಮೆ ಕೇಳಿ.